ದೇಹದ ಭಾರವೂ ಮನಸ್ಸಿನ ಭಾರವೂ

ಧ್ಯಾನಕ್ಕಾಗಿ: 1 ಅರಸುಗಳು 19ನೆಯ ಅಧ್ಯಾಯ, 1ರಿಂದ 8ರ ವರೆಗಿನ ವಚನಗಳು.



ಪ್ರವಾದಿಯಾದ ಎಲೀಯನು ಕರ್ಮೆಲ್ ಬೆಟ್ಟದ ಮೇಲೆ ಹೊಂದಿದ ಜಯವನ್ನು ನಮ್ಮ ಆದಿತ್ಯವಾರದ ಶಾಲೆಯ ಮಕ್ಕಳು ಸಹ ಬಲ್ಲರು. ಆದರೆ ಅದರ ಮುಂದಿನ ಅಧ್ಯಾಯವನ್ನು ನಾವು ಬೇಗನೆ ಓದಿ ದಾಟಿಬಿಡುತ್ತೇವೆ. ಯಾಕಂದರೆ ಅರಸನ ಮುಂದೆ ಅಂಜದೆ ನಿಂತಿದ್ದ ಆ ಶೂರನು ಇಲ್ಲಿ ರಾಣಿಯ ಬೆದರಿಕೆಯ ಮಾತಿಗೆ ಅಂಜಿ ಓಡುತ್ತಾನೆ. ಬೇರ್ಷೆಬದಲ್ಲಿ ತನ್ನ ಸೇವಕನನ್ನು ಬಿಟ್ಟು, ಒಬ್ಬನೇ ಒಂದು ದಿನದ ಹಾದಿ ಅಡವಿಯೊಳಕ್ಕೆ ನಡೆದು, ಒಂದು ಗಿಡದ ಕೆಳಗೆ ಕೂತು, ತನಗೆ ಸಾವು ಬಂದರೆ ಒಳ್ಳೇದೆಂದು ದೇವರನ್ನು ಬೇಡಿಕೊಂಡು, ಹಾಗೆಯೇ ಮಲಗಿಬಿಡುತ್ತಾನೆ.

ಆಗ ದೇವರು ಏನು ಮಾಡಿದನೆಂಬದನ್ನು ನೋಡಿರಿ. ನಿನ್ನ ನಂಬಿಕೆ ಎಲ್ಲಿ ಹೋಯಿತೆಂದು ಗದರಿಸಲಿಲ್ಲ. ನಿನ್ನೆಯ ಜಯವನ್ನು ಇಂದು ಮರೆತೆಯಾ ಎಂದು ಹಂಗಿಸಲಿಲ್ಲ. ಒಬ್ಬ ದೂತನನ್ನು ಕಳುಹಿಸಿದನು. ದೂತನು ಬಂದು ಮಲಗಿದವನನ್ನು ಮುಟ್ಟಿ ಎಬ್ಬಿಸಿದನು. ತಲೆಯ ಬಳಿಯಲ್ಲಿ ಕೆಂಡದ ಮೇಲೆ ಸುಟ್ಟ ಬಿಸಿ ರೊಟ್ಟಿಯೂ ತಂಬಿಗೆಯಲ್ಲಿ ನೀರೂ ಇದ್ದವು. ಅವನು ಉಂಡು ಕುಡಿದು ತಿರಿಗಿ ಮಲಗಿದನು. ಎರಡನೆಯ ಸಾರಿಯೂ ದೂತನು ಬಂದು ಎಬ್ಬಿಸಿ ಉಣ್ಣಿಸಿದನು. ಹೋರೇಬ್ ಬೆಟ್ಟದ ಬೋಧನೆಯೆಲ್ಲಾ ಇದಾದ ಮೇಲೆ ಬಂತು. ಮೊದಲು ರೊಟ್ಟಿ, ಆಮೇಲೆ ಉಪದೇಶ.

ಈ ಸಂಗತಿಯನ್ನು ನಾವು ಈ ತಿಂಗಳು ಎತ್ತಿಕೊಂಡದ್ದಕ್ಕೆ ಕಾರಣವುಂಟು. ಕೆಲವು ದಿನಗಳ ಹಿಂದೆ ನಮ್ಮ ಸಭೆಯ ಒಬ್ಬ ಸಹೋದರಿಯು ಆರಾಧನೆಯಾದ ಮೇಲೆ ಹಿಂದೆ ನಿಂತು, ಎಲ್ಲರೂ ಹೋದ ಬಳಿಕ ನಮ್ಮನ್ನು ಹೀಗೆ ಕೇಳಿದಳು: “ಉಪದೇಶಿಗಳೇ, ಕೊರೋನದ ಕಾಲದಲ್ಲಿ ಮನೆಯೊಳಗೆ ಕೂತು ಬಂದ ಈ ಮೈ ಇನ್ನೂ ಇಳಿದಿಲ್ಲ. ಅಂದಿನಿಂದ ಮನಸ್ಸಿಗೂ ಗೆಲವಿಲ್ಲ. ಇದು ನನ್ನ ಪಾಪಕ್ಕೆ ಬಂದ ಶಿಕ್ಷೆಯೋ?” ಇಂಥಾ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದವಳು ಒಬ್ಬಳು, ಕೇಳದೆ ಹೊತ್ತುಕೊಂಡು ತಿರುಗುವವರು ಅನೇಕರು. ಅವರೆಲ್ಲರಿಗೂ ಈ ಮಾತುಗಳನ್ನು ಬರೆಯುತ್ತೇವೆ.

ಆ ದಿನಗಳನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಿರಿ. 2020ನೆಯ ಇಸವಿಯ ಮಾರ್ಚಿ ತಿಂಗಳ 25ನೆಯ ತಾರೀಖಿನಿಂದ ದೇಶಕ್ಕೆಲ್ಲಾ ಬೀಗ ಬಿತ್ತು. ಮೊದಲು 21 ದಿನ ಎಂದರು. ಅದು ಬೆಳೆದು ಬೆಳೆದು ಮೇ ತಿಂಗಳು ಮುಗಿಯುವ ವರೆಗೂ ನಡೆಯಿತು. ಆ ವರುಷದ ಪುನರುತ್ಥಾನದ ಹಬ್ಬವು ಎಪ್ರಿಲ್ 12ರಂದು ಬಂತು. ಸಭೆಯು ಕೂಡಲಿಲ್ಲ, ದೇವಾಲಯದ ಬಾಗಿಲು ಮುಚ್ಚಿತ್ತು. ಮರುವರುಷ, 2021ರ ಎಪ್ರಿಲ್ ಕಡೆಯಲ್ಲಿ, ಎರಡನೆಯ ಅಲೆಯು ಹೆಚ್ಚು ಮಂದಿಯನ್ನು ಕೊಂಡುಹೋಗುತ್ತಿರಲಾಗಿ ನಮ್ಮ ರಾಜ್ಯದಲ್ಲಿ ತಿರಿಗಿ ಬಾಗಿಲು ಹಾಕಬೇಕಾಯಿತು.

ನಮ್ಮ ಹಿರಿಯರು ಇಂಥಾ ಕಾಲವನ್ನು ಕಾಣದವರಲ್ಲ. 1898ರಲ್ಲಿ ಹುಬ್ಬಳ್ಳಿ ಧಾರವಾಡಗಳಿಗೆ ಪ್ಲೇಗು ಬಂದಾಗ ಜನರು ಮನೆಗಳನ್ನು ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡು ಇದ್ದರು. ಅದು ಇಲಿಗಳ ಮೈಮೇಲಿನ ಚಿಗಟಗಳಿಂದ ಹಬ್ಬುವ ರೋಗವಾದದರಿಂದ ಮನೆ ಬಿಡುವದೇ ಅದಕ್ಕೆ ಉಪಾಯವಾಗಿತ್ತು. ಕೊರೋನವಾದರೋ ಮನುಷ್ಯನ ಉಸಿರಿನಿಂದ ಮನುಷ್ಯನಿಗೆ ಹಬ್ಬುವಂಥಾದ್ದು. ಮನೆ ಹೊಕ್ಕು ಒಬ್ಬರಿಂದೊಬ್ಬರು ದೂರವಿರುವದೇ ಅದಕ್ಕೆ ತಡೆಯಾಯಿತು. ಪ್ಲೇಗಿನಲ್ಲಿ ಜನರು ಮನೆ ಕಳಕೊಂಡರು, ಆದರೆ ಬಯಲೂ ನೆರೆಹೊರೆಯೂ ಉಳಿದವು. ಕೊರೋನದಲ್ಲಿ ಮನೆ ಉಳಿಯಿತು. ಬಯಲೂ ನೆರೆಹೊರೆಯೂ ಹೋದವು. ಹೀಗೆ ಬಾಗಿಲು ಹಾಕಿದ್ದು ತಪ್ಪೆಂದು ನಾವು ಹೇಳುವದಿಲ್ಲ. ನೆರೆಯವನ ಪ್ರಾಣವನ್ನು ಉಳಿಸುವದಕ್ಕಾಗಿ ಮನೆಯಲ್ಲಿ ಇದ್ದದ್ದು ಪ್ರೀತಿಯ ಕಾರ್ಯವೇ. ಆದರೆ ಪ್ರೀತಿಯ ಕಾರ್ಯಕ್ಕೂ ಬೆಲೆಯುಂಟು. ಆ ಬೆಲೆಯನ್ನು ಅನೇಕರು ತಮ್ಮ ಮೈಯಿಂದಲೂ ಮನಸ್ಸಿನಿಂದಲೂ ಕೊಟ್ಟರು.

ಹೇಗೆಂದರೆ: ನಮ್ಮ ಊರಿನಲ್ಲಿ ಮಗ್ಗಗಳು ನಿಂತವು, ಸಂತೆ ನಿಂತಿತು, ಕೂಲಿ ತಪ್ಪಿತು. ದಿನಕ್ಕೆ ಎರಡು ಮೂರು ಮೈಲು ನಡೆಯುತ್ತಿದ್ದವರು ಅಡಿಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡಿಗೆಮನೆಗೆ ನಡೆದರು. ಸರಕಾರದವರು ಆ ಎಪ್ರಿಲಿನಿಂದ ತಲೆಗೆ 5 ಕಿಲೋ ಧಾನ್ಯವನ್ನು ಪುಕ್ಕಟೆಯಾಗಿ ಹೆಚ್ಚಿಸಿಕೊಟ್ಟದ್ದು ಎಷ್ಟೋ ಮನೆಗಳ ಒಲೆ ಉರಿಸಿತು. ಅದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಕಾಯಿಪಲ್ಯ ಕೊಳ್ಳುವ ಕಾಸಿಲ್ಲದೆ, ಜೋಳದ ರೊಟ್ಟಿ ತಿನ್ನುತ್ತಿದ್ದ ಮನೆಗಳಲ್ಲಿ ಎರಡು ಹೊತ್ತೂ ಅನ್ನವೇ ಊಟವಾಯಿತು. ಶಾಲೆಗಳು ಮುಚ್ಚಿ ಮಕ್ಕಳ ಬಿಸಿಯೂಟವೂ ನಿಂತಿತು. ಹೀಗೆ ಒಂದೇ ಓಣಿಯಲ್ಲಿ ಒಬ್ಬನು ಊದಿದನು, ಮತ್ತೊಬ್ಬನು ಸೊರಗಿದನು.

ಇದು ನಮ್ಮ ಹಳ್ಳಿಗಳಿಗೆ ಮಾತ್ರ ಬಂದದ್ದಲ್ಲ. ಅಮೇರಿಕ ದೇಶದ ಮನಃಶಾಸ್ತ್ರಜ್ಞರ ಸಂಘದವರು 2021ರಲ್ಲಿ ಅಲ್ಲಿಯ ದೊಡ್ಡವರನ್ನು ವಿಚಾರಿಸಿದಾಗ ನೂರಕ್ಕೆ 42 ಮಂದಿ ತಮ್ಮ ತೂಕವು ಬಯಸಿದ್ದಕ್ಕಿಂತ ಹೆಚ್ಚಾಗಿ ಏರಿತೆಂದೂ 18 ಮಂದಿ ಬಯಸಿದ್ದಕ್ಕಿಂತ ಹೆಚ್ಚಾಗಿ ಇಳಿಯಿತೆಂದೂ ಹೇಳಿದರು. ಐಶ್ವರ್ಯವುಳ್ಳ ಆ ದೇಶದಲ್ಲಿಯೇ ನೂರರಲ್ಲಿ ಅರುವತ್ತು ಮಂದಿಯ ಮೈ ಅವರ ಮಾತು ಕೇಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು 2022ರ ಮಾರ್ಚಿಯಲ್ಲಿ ತಿಳಿಸಿದ್ದೇನಂದರೆ, ಈ ವ್ಯಾಧಿಯ ಮೊದಲನೆಯ ವರುಷದಲ್ಲಿ ಲೋಕದಲ್ಲೆಲ್ಲಾ ಕಳವಳದ ರೋಗವೂ ಖಿನ್ನತೆಯ ರೋಗವೂ ನೂರಕ್ಕೆ 25ರಷ್ಟು ಹೆಚ್ಚಿದವು. ಮೈ ಬದಲಾದದ್ದೂ ಮನಸ್ಸು ಕುಂದಿದ್ದೂ ಒಂದೇ ಕಾಲದಲ್ಲಿ ಆದದ್ದು ಆಶ್ಚರ್ಯವಲ್ಲ.

ಯಾಕಂದರೆ ದೇವರು ದೇಹವನ್ನೂ ಮನಸ್ಸನ್ನೂ ಎರಡು ಬೇರೆ ಮನೆಗಳಾಗಿ ಕಟ್ಟಲಿಲ್ಲ. ಮನುಷ್ಯನಿಗೆ ಭಯ ಹಿಡಿದಾಗ ಮೂತ್ರಪಿಂಡಗಳ ಮೇಲಿರುವ ಎರಡು ಚಿಕ್ಕ ಗ್ರಂಥಿಗಳಿಂದ ಒಂದು ರಸವು ರಕ್ತದಲ್ಲಿ ಸೇರುತ್ತದೆ. ವೈದ್ಯರು ಅದನ್ನು ಕಾರ್ಟಿಸಾಲ್ ಎಂದು ಕರೆಯುತ್ತಾರೆ. ಭಯವು ಒಂದು ಗಳಿಗೆಯದಾದರೆ ಅದು ನಮ್ಮನ್ನು ಕಾಪಾಡುತ್ತದೆ. ತಿಂಗಳುಗಟ್ಟಲೆ ಮುಂದುವರಿದರೆ ಅದೇ ರಸವು ಹಲವರಲ್ಲಿ ಸಿಹಿಗೂ ಕರಿದ ತಿಂಡಿಗೂ ಆಶೆ ಹುಟ್ಟಿಸಿ ಹೊಟ್ಟೆಯ ಸುತ್ತ ಕೊಬ್ಬನ್ನು ಕೂಡಿಸುತ್ತದೆ. ನಿದ್ದೆಗೆಟ್ಟವನಿಗೆ ಹಸಿವೆಯನ್ನು ಹೆಚ್ಚಿಸುವ ರಸವು ಏರುತ್ತದೆ, ಸಾಕೆನ್ನಿಸುವ ರಸವು ಇಳಿಯುತ್ತದೆ. ಬೇರೆ ಕೆಲವರಲ್ಲಿಯೋ ದುಃಖವು ಹಸಿವೆಯನ್ನೇ ಕೊಂದುಬಿಡುತ್ತದೆ. ಬಾಯಿಗಿಟ್ಟ ತುತ್ತು ಗಂಟಲಲ್ಲಿ ಇಳಿಯದು. ಪೌಲನು ಸೆರೆಯವನಾಗಿ ರೋಮಾಪುರಕ್ಕೆ ಹೋಗುವಾಗ ಆ ಹಡಗಿನಲ್ಲಿದ್ದ 276 ಮಂದಿಯು ಬಿರುಗಾಳಿಯಲ್ಲಿ ಸಿಕ್ಕಿ, ಹದಿನಾಲ್ಕು ದಿನ ಊಟವಿಲ್ಲದೆ ಕಾದಿದ್ದರೆಂದು ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯದಲ್ಲಿ ಬರೆದದೆ. ಹಡಗಿನಲ್ಲಿ ಗೋಧಿಯಿತ್ತು, ಉಣ್ಣುವದಕ್ಕೆ ಮನಸ್ಸಿರಲಿಲ್ಲ.

ಇನ್ನು ನಮ್ಮ ಸ್ವಂತ ಅಪರಾಧವನ್ನು ಒಪ್ಪಿಕೊಳ್ಳಬೇಕು. 2020ರ ಜೂನ್ 8ರಿಂದ ದೇವಾಲಯಗಳನ್ನು ತೆರೆಯಲು ಅಪ್ಪಣೆಯಾಗಿ, ಕೆಲವು ವಾರಗಳ ಮೇಲೆ ನಮ್ಮ ಸಭೆಯೂ ಕೂಡಿತು. ನಾವು ಬಾಗಿಲಲ್ಲಿ ನಿಂತು ಬಂದವರನ್ನು ಎದುರುಗೊಳ್ಳುತ್ತಿದ್ದೆವು. ಪಟ್ಟಣದ ಹೋಟೆಲಿನಲ್ಲಿ ಕೆಲಸ ಕಳಕೊಂಡು ಊರಿಗೆ ಬಂದಿದ್ದ ಒಬ್ಬ ಯೌವನಸ್ಥನು ಮೊದಲಿಗಿಂತ ಬಹಳ ದಪ್ಪಗಾಗಿ ಬಂದನು. ನಾವು ಎಲ್ಲರಿಗೂ ಕೇಳುವ ಹಾಗೆ, “ಏನು ತಮ್ಮಾ, ಲೋಕಕ್ಕೆಲ್ಲಾ ಬರಗಾಲ ಬಂದರೂ ನಿನ್ನ ಕಣಜ ತುಂಬಿದೆಯಲ್ಲಾ!” ಎಂದೆವು. ಜನರು ನಕ್ಕರು, ಅವನೂ ನಕ್ಕನು. ಅವನ ಹಿಂದೆ ಒಬ್ಬ ಅಜ್ಜಿ ಬಂದಳು. ಮೈಯಲ್ಲಿ ಎಲುಬು ಮಾತ್ರ ಉಳಿದಿತ್ತು. ಆಕೆಯ ಕಡೆಗೆ ತಿರುಗಿ, “ನೋಡಿರಿ, ಈ ತಾಯಿ ಉಪವಾಸ ಪ್ರಾರ್ಥನೆಗಳಲ್ಲಿ ಕಾಲ ಕಳೆದಿದ್ದಾಳೆ” ಎಂದು ಹೊಗಳಿದೆವು. ಆಕೆ ತಲೆ ಬಗ್ಗಿಸಿ ಒಳಗೆ ಹೋದಳು.

ಆ ಯೌವನಸ್ಥನು ಮುಂದಿನ ಮೂರು ಆದಿತ್ಯವಾರಗಳಲ್ಲಿ ಬರಲಿಲ್ಲ. ನಾಲ್ಕನೆಯ ವಾರ ಅವನ ತಾಯಿ ನಮ್ಮ ಮನೆಗೆ ಬಂದು ಅಳುತ್ತಾ ಹೇಳಿದ್ದೇನಂದರೆ: ಹಗಲು ಅವನು ಯಾರೊಂದಿಗೂ ಮಾತಾಡನು, ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡಿಗೆಮನೆಯ ಕತ್ತಲೆಯಲ್ಲಿ ಕೂತು ಮಿಕ್ಕ ಅನ್ನವನ್ನೆಲ್ಲಾ ತಿನ್ನುತ್ತಾನೆ, ತಿಂದು ಅಳುತ್ತಾನೆ, ಒಂದು ದಿನ ಬೆಳಗಾಗುವ ಮುಂಚೆ ಹಿತ್ತಲ ಬಾವಿಯ ಕಟ್ಟೆಯ ಮೇಲೆ ಕೂತಿದ್ದವನನ್ನು ತಾನೇ ಕೈಹಿಡಿದು ಒಳಗೆ ಕರಕೊಂಡು ಬಂದಳು. ಅಜ್ಜಿಯ ಸಂಗತಿಯೂ ಆಮೇಲೆ ತಿಳಿಯಿತು. ಆಕೆ ಉಪವಾಸ ಮಾಡಿರಲಿಲ್ಲ. ತನ್ನ ಪಾಲನ್ನು ಮೊಮ್ಮಕ್ಕಳಿಗೆ ಬಡಿಸಿ, ಗೋವೆಯಲ್ಲಿ ಸಿಕ್ಕಿಕೊಂಡಿದ್ದ ಮಗನನ್ನು ನೆನೆಸುತ್ತಾ ರಾತ್ರಿಯೆಲ್ಲಾ ಎಚ್ಚರವಾಗಿದ್ದಳು. ಹಸಿದವಳಿಗೆ ನಾವು ಹೊಗಳಿಕೆಯನ್ನು ಕೊಟ್ಟೆವು, ಹಿಟ್ಟನ್ನು ಕೊಡಲಿಲ್ಲ.

ನಾವಾದರೂ ಏನು? ಆ ಮೂರು ತಿಂಗಳಲ್ಲಿ ನಮ್ಮ ಮೈಯೂ ಎಂಟು ಕಿಲೋ ಏರಿತ್ತು, ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ. ಸಭೆಯ ಮೂವರನ್ನು ಮಣ್ಣುಮಾಡಿ, ಅವರ ಮನೆಗಳಿಗೆ ಹೋಗಿ ಸಂತೈಸಲು ಸಹ ಆಗದೆ, ರಾತ್ರಿ ಎರಡು ಗಂಟೆಗೆ ಎದ್ದು ಕೂಡ್ರುತ್ತಿದ್ದೆವು. ಇದನ್ನು ಯಾರಿಗೂ ತಿಳಿಸಲಿಲ್ಲ. ನಮ್ಮ ಮೈಯನ್ನು ಕುರಿತು ಯಾರೂ ನಗದಂತೆ, ಮೊದಲು ಮತ್ತೊಬ್ಬನ ಮೈಯನ್ನು ಕುರಿತು ನಕ್ಕೆವು. ಶೀಲೋವಿನ ದೇವಾಲಯದಲ್ಲಿ ಹನ್ನಳು ಮನೋವ್ಯಥೆಯಿಂದ ತುಟಿಯಾಡಿಸುತ್ತಾ ಪ್ರಾರ್ಥಿಸುವಾಗ ಯಾಜಕನಾದ ಏಲಿಯು ಆಕೆ ಕುಡಿದಿದ್ದಾಳೆಂದು ಎಣಿಸಿದನು. ಹೊರಗಿನ ರೂಪವನ್ನು ನೋಡಿ ಒಳಗಿನ ತೀರ್ಪು ಹೇಳಿದ ಏಲಿಯ ಪಾಪವು ನಮ್ಮದಾಯಿತು.

ಆದಕಾರಣ ಪ್ರಿಯರೇ, ಇದನ್ನು ಚೆನ್ನಾಗಿ ತಿಳುಕೊಳ್ಳಿರಿ. ಏರಿದ ತೂಕವು ಪಾಪದ ಗುರುತಲ್ಲ. ಇಳಿದ ತೂಕವು ಭಕ್ತಿಯ ಗುರುತಲ್ಲ. ಹೊಟ್ಟೆಬಾಕತನವು ಪಾಪವಲ್ಲವೋ ಎಂದು ಕೆಲವರು ಕೇಳಬಹುದು. ಪಾಪವೇ. ಆದರೆ ಹಸಿದ ನೆರೆಯವನು ಬಾಗಿಲಲ್ಲಿರುವಾಗ ಸೊಕ್ಕಿನಿಂದ ಉಣ್ಣುವವನು ಬೇರೆ. ಭಯದಿಂದಲೂ ಒಂಟಿತನದಿಂದಲೂ ಕತ್ತಲೆಯಲ್ಲಿ ಕೂತು ತಿನ್ನುವವನು ಬೇರೆ. ಮೊದಲನೆಯವನಿಗೆ ಗದರಿಕೆ ಬೇಕು. ಎರಡನೆಯವನಿಗೆ ದೂತನು ಬೇಕು. ಇಬ್ಬರ ತೂಕವೂ ತಕ್ಕಡಿಯಲ್ಲಿ ಒಂದೇ ಇರಬಹುದು. ಆತ್ಮಗಳನ್ನು ತೂಗುವವನು ಕರ್ತನೇ ಎಂಬದನ್ನು ಸೊಲೊಮೋನನು ತನ್ನ ಜ್ಞಾನೋಕ್ತಿಗಳಲ್ಲಿ ತಿಳಿಸಿದ್ದಾನೆ. ಆ ತಕ್ಕಡಿ ನಮ್ಮ ಕೈಯಲ್ಲಿಲ್ಲ.

ಹಾಗಾದರೆ ನಮ್ಮ ಕೈಯಲ್ಲಿರುವದೇನು? ದೇವರು ಎಲೀಯನಿಗೆ ಕೊಟ್ಟ ನಾಲ್ಕು ಉಪಕಾರಗಳು.

ಮೊದಲನೆಯದು ರೊಟ್ಟಿ. ದೇವರು ಅವನಿಗೆ ಔತಣವನ್ನು ಕಳುಹಿಸಲಿಲ್ಲ, ಉಪವಾಸವನ್ನೂ ವಿಧಿಸಲಿಲ್ಲ. ದಾರಿಗೆ ಸಾಕಾಗುವ ರೊಟ್ಟಿ ಮತ್ತು ನೀರನ್ನು ಕೊಟ್ಟನು. ಮೈ ಇಳಿಸಬೇಕೆಂದು ಊಟವನ್ನೇ ಬಿಡುವವರು ಎರಡು ದಿನ ಹಸಿದು ಮೂರನೆಯ ದಿನ ಎರಡರಷ್ಟು ತಿನ್ನುವದನ್ನು ಕಂಡಿದ್ದೇವೆ. ಹೊತ್ತಿಗೆ ಸರಿಯಾಗಿ, ಮನೆಯವರೊಂದಿಗೆ ಕೂತು ಉಣ್ಣಿರಿ. ರೊಟ್ಟಿ, ಬೇಳೆ, ಕಾಳು, ಸೊಪ್ಪು ಹೆಚ್ಚಾಗಲಿ. ಸಕ್ಕರೆಯ ಚಹವೂ ಅಂಗಡಿಯ ಕರಿದ ತಿಂಡಿಯೂ ಕಡಿಮೆಯಾಗಲಿ. ಹೊಟ್ಟೆ ಹಸಿಯಿತೋ ಮನಸ್ಸು ಹಸಿಯಿತೋ ಎಂದು ತಿನ್ನುವ ಮುಂಚೆ ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಸೊರಗಿದವರ ಮನೆಗೆ ಹಿಟ್ಟು ಹೋಗಲಿ. ಕಾರಣವಿಲ್ಲದೆ ಮೈ ಇಳಿಯುತ್ತಿದ್ದರೆ, ಅಥವಾ ಕೆಮ್ಮು ಎರಡು ವಾರಕ್ಕೆ ಮೀರಿದರೆ, ಅದು ಕ್ಷಯವೋ ಸಕ್ಕರೆ ಕಾಯಿಲೆಯೋ ಎಂಬದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿರಿ. ಮೈ ಏರಿದವರು ಸಹ ಸಕ್ಕರೆಯನ್ನೂ ರಕ್ತದ ಒತ್ತಡವನ್ನೂ ನೋಡಿಸಿಕೊಳ್ಳಲಿ. ಈ ಎರಡು ಕಾಯಿಲೆಗಳು ಸದ್ದಿಲ್ಲದೆ ಬರುತ್ತವೆ.

ಎರಡನೆಯದು ನಿದ್ರೆ. ಎಲೀಯನು ಉಂಡು ತಿರಿಗಿ ಮಲಗಿದಾಗ ದೂತನು ಅವನನ್ನು ಸೋಮಾರಿ ಎಂದು ಕರೆಯಲಿಲ್ಲ. ಹಗಲು ಮಲಗಿ ರಾತ್ರಿ ಮೊಬೈಲಿನ ಬೆಳಕಿನಲ್ಲಿ ಕಣ್ಣು ಸವೆಸುವ ರೂಢಿಯು ಆ ಮನೆವಾಸದಲ್ಲಿ ನಮ್ಮ ಯೌವನಸ್ಥರಿಗೆ ಹತ್ತಿತು. ಅನೇಕರನ್ನು ಇನ್ನೂ ಬಿಟ್ಟಿಲ್ಲ. ಸಾವಿನ ಸುದ್ದಿಗಳನ್ನು ರಾತ್ರಿಯಲ್ಲಿ ಓದುತ್ತಾ ಮಲಗಿದವನಿಗೆ ಬೆಳಿಗ್ಗೆ ಯಾವ ಗೆಲವು ಬಂದೀತು? ಸಂಜೆಯ ಪ್ರಾರ್ಥನೆಯಾದ ಮೇಲೆ ಆ ಯಂತ್ರವನ್ನು ಬೇರೆ ಕೋಣೆಯಲ್ಲಿಟ್ಟು, ದಿನಾಲು ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳಿರಿ.

ಮೂರನೆಯದು ನಡಿಗೆ. ಉಂಡು ಮಲಗಿ ಚೇತರಿಸಿಕೊಂಡವನನ್ನು ದೇವರು ಗಿಡದ ಕೆಳಗೆಯೇ ಬಿಡಲಿಲ್ಲ. ನಾಲ್ವತ್ತು ದಿನ ಹೋರೇಬಿನ ವರೆಗೂ ನಡೆಯಿಸಿದನು. ರೋಗದ ಶಂಕೆಯುಳ್ಳವರನ್ನು ಬೇರೆ ಇಡುವದಕ್ಕೆ ಎಲ್ಲರೂ ಕಲಿತ ಕ್ವಾರಂಟೀನ್ ಎಂಬ ಮಾತು ಸಹ ಹಿಂದಿನ ಕಾಲದ ವೆನಿಸ್ ಪಟ್ಟಣದವರು ಹಡಗುಗಳನ್ನು ನಾಲ್ವತ್ತು ದಿನ ದೂರ ನಿಲ್ಲಿಸುತ್ತಿದ್ದದರಿಂದ ಬಂದದ್ದು. ಕೂತ ನಾಲ್ವತ್ತು ದಿನಗಳ ಕೇಡನ್ನು ನಡೆದ ನಾಲ್ವತ್ತು ದಿನಗಳಿಂದ ಸರಿಪಡಿಸಲು ಆರಂಭಿಸಬಹುದು. ದೊಡ್ಡವರು ವಾರಕ್ಕೆ 150 ನಿಮಿಷಕ್ಕೆ ಕಡಿಮೆಯಿಲ್ಲದೆ, ಉಸಿರು ಸ್ವಲ್ಪ ಏರುವಂತೆ ಮೈ ದುಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಹೊಲದ ಕೆಲಸದವರಿಗೆ ಇದು ಹೊಸದಲ್ಲ. ಆದರೆ ಮಗ್ಗದ ಮುಂದೆ, ಹೊಲಿಗೆಯಂತ್ರದ ಮುಂದೆ, ಅಂಗಡಿಯಲ್ಲಿ ಕೂಡ್ರುವವರು ಬೆಳಗಿನ ಅರ್ಧ ತಾಸು ನಡೆದರೆ ಮೈಗೂ ಒಳ್ಳೇದು, ಕುಂದಿದ ಮನಸ್ಸಿಗೆ ಅದಕ್ಕಿಂತಲೂ ಒಳ್ಳೇದು.

ನಾಲ್ಕನೆಯದು ಜೊತೆಗಾರನು. ಎಲೀಯನು ತನ್ನ ಸೇವಕನನ್ನು ಬೇರ್ಷೆಬದಲ್ಲಿ ಬಿಟ್ಟ ಮೇಲೆಯೇ ಸಾವನ್ನು ಬೇಡಿದನೆಂಬದನ್ನು ಮರೆಯಬೇಡಿರಿ. ದೇವರು ಹೋರೇಬಿನಲ್ಲಿ ಅವನಿಗೆ ಎಲೀಷನ ಹೆಸರನ್ನು ಹೇಳಿ, ಇನ್ನೂ ಏಳು ಸಾವಿರ ಮಂದಿ ಇದ್ದಾರೆಂದು ತಿಳಿಸಿದನು. ನಾನೊಬ್ಬನೇ ಎಂಬ ಮಾತು ಖಿನ್ನತೆಯ ಮಾತು, ಅದು ಸತ್ಯವಲ್ಲ. ಇಂಥವರ ಮನೆಗೆ ಹೋಗುವಾಗ ಮೈಯನ್ನು ಕುರಿತು ಮಾತೆತ್ತಬೇಡಿರಿ; ಹೇಗಿದ್ದೀ, ನಿದ್ದೆ ಬರುತ್ತದೋ ಎಂದು ಕೇಳಿ, ಉತ್ತರ ಬರುವ ವರೆಗೂ ಕೂಡ್ರಿರಿ. ಸಾಯಬೇಕೆಂಬ ಮಾತು ಯಾರ ಬಾಯಲ್ಲಿಯಾದರೂ ಬಂದರೆ ಅದನ್ನು ಅವಿಶ್ವಾಸವೆಂದು ಖಂಡಿಸಬೇಡಿರಿ, ಸುಮ್ಮನೆ ಆಡಿದ್ದೆಂದು ತಳ್ಳಿಬಿಡಲೂ ಬೇಡಿರಿ. ಅವರನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರಕೊಂಡು ಹೋಗಿರಿ. 2022ರ ಅಕ್ಟೋಬರಿನಿಂದ ಸರಕಾರದವರು ಟೆಲಿ ಮಾನಸ್ ಎಂಬ ಸೇವೆಯನ್ನು ನಡಿಸುತ್ತಿದ್ದಾರೆ. 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲಿಯೇ, ಪುಕ್ಕಟೆಯಾಗಿ, ಬಲ್ಲವರೊಂದಿಗೆ ಮಾತಾಡಬಹುದು. ವೈದ್ಯನ ಬಳಿಗೆ ಹೋಗುವದು ಪ್ರಾರ್ಥನೆಯನ್ನು ಬಿಟ್ಟಂತಲ್ಲ. ಕೆಂಡದ ಮೇಲಿನ ರೊಟ್ಟಿಯೂ ದೇವರಿಂದಲೇ ಬಂದದ್ದಲ್ಲವೋ?

ಆ ಯೌವನಸ್ಥನ ಸಂಗತಿ ಏನಾಯಿತೆಂದು ಕೇಳುವಿರಿ. ಅವನ ತಾಯಿ ಬಂದುಹೋದ ಸಂಜೆಯೇ ನಾವು ಅವರ ಮನೆಗೆ ಹೋಗಿ, ತಲೆಬಾಗಿಲಲ್ಲಿ ನಿಂತು ಕ್ಷಮೆ ಬೇಡಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, “ನೀವು ಅಂದದ್ದು ದೊಡ್ಡದಲ್ಲ, ನಾನೂ ನಗಬೇಕಾಯಿತಲ್ಲಾ, ಅದು ಸಹಿಸಲಾರದೆ ಹೋಯಿತು” ಎಂದನು. ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ. ಮರುದಿನ ಅವನೊಂದಿಗೆ ತಾಲೂಕಿನ ಆಸ್ಪತ್ರೆಗೆ ಹೋದೆವು; ವೈದ್ಯರು ಔಷಧ ಕೊಟ್ಟು, ತಿಂಗಳಿಗೊಮ್ಮೆ ಬರಹೇಳಿದರು. ಆ ಮೇಲೆ ದಿನಾಲು ಬೆಳಿಗ್ಗೆ ಅವನೂ ನಾವೂ ಕೆರೆಯ ದಂಡೆಯ ವರೆಗೆ ನಡೆದು ಬರುತ್ತಿದ್ದೆವು. ಮೊದಲ ವಾರ ಇಬ್ಬರೂ ಏದುಸಿರು ಬಿಟ್ಟೆವೇ ಹೊರತು ಮಾತಾಡಲಿಲ್ಲ. ಎರಡನೆಯ ವಾರ ಅವನು ತನ್ನ ಸಾಲದ ಸಂಗತಿ ಹೇಳಿದನು. ನಾವು ನಮ್ಮ ನಿದ್ದೆಗೆಟ್ಟ ರಾತ್ರಿಗಳನ್ನು ಹೇಳಿದೆವು. ಅವನ ಮೈ ಸ್ವಲ್ಪ ಇಳಿಯಿತು, ಮೊದಲಿನಂತಾಗಲಿಲ್ಲ, ನಮ್ಮದೂ ಹಾಗೆಯೇ. ಆದರೆ ರಾತ್ರಿಯಲ್ಲಿ ಅವನು ಮಲಗುತ್ತಾನೆ, ಹಗಲಿನಲ್ಲಿ ಕೆಲಸಕ್ಕೆ ಹೋಗುತ್ತಾನೆ, ಆದಿತ್ಯವಾರ ಬಾಗಿಲಲ್ಲಿ ನಮ್ಮ ಸಂಗಡ ನಿಂತು ಬರುವವರನ್ನು ಎದುರುಗೊಳ್ಳುತ್ತಾನೆ. ಅಜ್ಜಿಯ ಮಗನು ಗೋವೆಯಿಂದ ಬಂದು, ಹದಿನಾಲ್ಕು ದಿನ ಶಾಲೆಯ ಕಟ್ಟಡದಲ್ಲಿ ಇದ್ದು, ಮನೆ ಸೇರಿದನು. ಆ ದಿನ ಆಕೆ ಕೂತು ಎರಡು ರೊಟ್ಟಿ ಉಂಡಳೆಂದು ಸೊಸೆ ಹೇಳಿದಳು.

ನಮ್ಮನ್ನು ಪ್ರಶ್ನೆ ಕೇಳಿದ ಸಹೋದರಿಯೇ, ನಿನ್ನ ಮೈ ಶಿಕ್ಷೆಯ ಗುರುತಲ್ಲ. ಭಯದ ಕಾಲದಲ್ಲಿಯೂ ನಿನ್ನನ್ನು ಹೊತ್ತು ಇಲ್ಲಿಯ ವರೆಗೆ ತಂದ ಮೈ ಅದು. ಅದನ್ನು ಹಗೆಯಾಗಿ ನೋಡಬೇಡ, ದಯೆಯಿಂದ ನಡಿಸು. ಮಿಕ್ಕವರೇ, ಬರುವ ಆದಿತ್ಯವಾರ ದೇವಾಲಯದ ಬಾಗಿಲಲ್ಲಿ ಒಬ್ಬರನ್ನೊಬ್ಬರು ಕಂಡಾಗ ದಪ್ಪಗಾದಿ, ಸಣ್ಣಗಾದಿ ಎಂಬ ಮಾತುಗಳನ್ನು ನಾಲಿಗೆಯಿಂದ ತೆಗೆದುಹಾಕಿರಿ. ಯಾರು ಯಾವ ಗಿಡದ ಕೆಳಗಿನಿಂದ ಎದ್ದು ಬಂದಿದ್ದಾರೋ ನಮಗೆ ತಿಳಿಯದು.

ಪ್ರಾರ್ಥನೆ: ನಮ್ಮ ದೇಹಗಳನ್ನೂ ಮನಸ್ಸುಗಳನ್ನೂ ಉಂಟುಮಾಡಿದ ಕರ್ತನೇ, ಮುಚ್ಚಿದ ಬಾಗಿಲುಗಳ ಹಿಂದೆ ನಾವು ಹೊತ್ತ ಭಾರವನ್ನು ನೀನು ಬಲ್ಲೆ. ನಕ್ಕ ನಮ್ಮ ಬಾಯನ್ನು ಕ್ಷಮಿಸು. ಇನ್ನೂ ಕತ್ತಲೆಯಲ್ಲಿ ಕೂತಿರುವವರ ಬಳಿಗೆ ನಿನ್ನ ದೂತರಾಗಿ ಹೋಗುವಂತೆ ನಮ್ಮ ಕೈಯಲ್ಲಿ ರೊಟ್ಟಿಯನ್ನೂ ಕಾಲುಗಳಲ್ಲಿ ಬಲವನ್ನೂ ಕೊಡು. ಆಮೆನ್.